ಲೋಟದಲ್ಲಿರುವುದು ಕರಿ ಟೀ

ಆಂಡಿಪಟ್ಟಿ,
ಐಪ್ಪಸಿ ತಿಂಗಳ ಎರಡನೆಯ ಮಂಗಳವಾರ,
ಮಧ್ಯಾಹ್ನ, ಕರೆಂಟು ಹೋಗಿರುವ ಹೊತ್ತು.

ಸಮಸ್ತ ತಮಿಳು ನೆಲದ ಬಡವರ ಸೂರ್ಯನೂ, ವೈಗೈ ಹೊಳೆಯಲ್ಲಿ ನೀರಿಲ್ಲದ ಕಾಲದಲ್ಲೂ ನಮ್ಮ ಕಣ್ಣಲ್ಲಿ ನೀರು ಹರಿಸಿದ ಕರುಣಾಸಮುದ್ರನೂ, ಒಂದೇ ಏಟಿಗೆ ಹದಿನೇಳು ಜನರನ್ನು ಹಾರಿಸಿ ಅವರು ನೆಲಕ್ಕೆ ಬೀಳುವ ಮೊದಲೇ ತಾನು ತಾಯಿಯ ಕಾಲಿಗೆ ಬಿದ್ದಿರುವ ಪುತ್ರರತ್ನನೂ, ಮೂವತ್ತು ವರ್ಷಗಳಿಂದ ಇಪ್ಪತ್ತೆಂಟನೆಯ ವಯಸ್ಸನ್ನು ದಾಟದ ನಿತ್ಯಯುವಕನೂ ಆದ ತಲೈವರ್ ಇಮಯವರ್ಮನ್ ಅವರ ಬಂಗಾರದ ಪಾದದ ಕಿರುಬೆರಳಿನ ಉಗುರಿನ ಸನ್ನಿಧಾನಕ್ಕೆ, ಅಖಿಲ ಆಂಡಿಪಟ್ಟಿ ಇಮಯವರ್ಮನ್ ಅಭಿಮಾನಿ ಮನ್ರವೆಂಬ ಸಂಘದ (ನೋಂದಣಿ ಆಗಬೇಕಿದೆ) ಜಂಟಿ ಕಾರ್ಯದರ್ಶಿ ಕುಬೇಂದ್ರನ್ ನೆಲಕ್ಕೆ ಹಣೆ ತಾಗಿಸಿ, ತಾಗಿದ ಧೂಳನ್ನು ಒರೆಸಿಕೊಳ್ಳದೆ ಮಾಡಿಕೊಳ್ಳುವ ವಿಜ್ಞಾಪನೆ.

ಇಷ್ಟು ಸಾಕೇ, ಇನ್ನೂ ಬೇಕೇ? ಸಂಕೋಚ ಬೇಡ. ಬಸ್ ಸ್ಟ್ಯಾಂಡಿನ ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಬಿರುದುಗಳನ್ನು ಹೊಸೆಯುವುದೇ ನನ್ನ ಉದ್ಯೋಗ. ಮದುವೆ, ಚುನಾವಣೆ, ಕಿವಿ ಚುಚ್ಚುವುದು, ಸಾವು, ಎಲ್ಲದಕ್ಕೂ ಮಾತು ನನ್ನದೇ. ಹೋದ ತಿಂಗಳು ಕೋಳಿ ಅಂಗಡಿಯವನ ಮಗಳಿಗೆ ‘ಹಿಮಾಲಯವೇ ತಲೆ ಬಾಗು, ನಮ್ಮ ಚಿನ್ನಿಯ ಕಿವಿಗೆ ತೂತು ಬೀಳುತ್ತಿದೆ’ ಎಂದು ಬರೆದುಕೊಟ್ಟು ಮೂರು ಬೀದಿಗಳ ಶಾಬಾಸ್‌ಗಿರಿ ಪಡೆದವನು ನಾನು.

ಆದರೆ ಈ ಕಾಗದ ಫ್ಲೆಕ್ಸ್ ಅಲ್ಲ. ಈ ಶುಕ್ರವಾರ ನಿಮ್ಮ ಹೊಸ ಸಿನಿಮಾ ‘ಕರುಂತೇಳ್’ ಬಿಡುಗಡೆಯಾಗುತ್ತದೆ. ಶನಿವಾರ ಬೆಳಗಾಗುವ ಹೊತ್ತಿಗೆ ನಮ್ಮ ಮನ್ರದಲ್ಲಿ ಒಬ್ಬ ಮನುಷ್ಯ ಕೆಡುತ್ತಾನೋ ಉಳಿಯುತ್ತಾನೋ ಎಂಬುದು ನೀವು ಬರೆಯುವ ಮೂರು ಸಾಲಿನ ಮೇಲೆ ನಿಂತಿದೆ. ಪಕ್ಕದಲ್ಲಿ ಸ್ಟೀಲ್ ಲೋಟದ ತುಂಬ ಕರಿ ಟೀ ಇದೆ, ಇವತ್ತು ಹಾಲಿನವನು ಬರಲಿಲ್ಲ. ಅದು ಮುಗಿಯುವುದರೊಳಗೆ ಕಾಗದವನ್ನೂ ಮುಗಿಸುವ ಆಲೋಚನೆ.

ನಮ್ಮ ಮನ್ರದ ಅಧ್ಯಕ್ಷ ತವಸಿ ಅಣ್ಣನನ್ನು ನೀವು ಕಂಡಿಲ್ಲ. ಅವನು ವೆಲ್ಡಿಂಗ್ ಮಾಡುವವನು. ಊರಿನ ಕಿಟಕಿಗಳಿಗೆಲ್ಲ ಸರಳು ಕೂರಿಸಿದವನು, ನಿಮ್ಮ ಐವತ್ತು ಅಡಿಯ ಕಟೌಟ್ ಗಾಳಿಗೆ ಬೀಳದ ಹಾಗೆ ಹಿಂದೆ ಕಬ್ಬಿಣದ ಬೆನ್ನುಮೂಳೆ ಕೊಟ್ಟವನು ಅವನೇ. ಹದಿನೆಂಟು ವರ್ಷದ ಕೆಳಗೆ ಆಂಡಿಪಟ್ಟಿಯ ಕುಡುಕರ ಪಟ್ಟಿಯಲ್ಲಿ ಮೊದಲ ಹೆಸರು ಅವನದು. ಕುಡಿದು ಬಸ್ಸಿಗೆ ಅಡ್ಡ ಮಲಗುತ್ತಿದ್ದನಂತೆ. ಡ್ರೈವರುಗಳು ಇಳಿದು ಮಗುವನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಟ್ಟು ಹೋಗುತ್ತಿದ್ದರಂತೆ. ಮನೆಯಲ್ಲಿ ಅವನನ್ನು ಎತ್ತಿ ಪಕ್ಕಕ್ಕಿಡುವವರು ಇರಲಿಲ್ಲ. ಅವನ ಹೆಂಡತಿ ಸೇವತಿ ಅಕ್ಕನ ಎಡಗೈ ಇವತ್ತಿಗೂ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಆಗ ಅವಳು ಬೋಡಿಯ ತವರುಮನೆಗೆ ಹೋಗಿಬಿಟ್ಟಿದ್ದಳು.

ಅಂಥ ದಿನಗಳಲ್ಲಿ ಅವನು ನಿಮ್ಮ ಒಂದು ಸಿನಿಮಾಕ್ಕೆ ಹೋದ, ನೆರಳಲ್ಲಿ ಮಲಗುವುದಕ್ಕೆ. ಸಿನಿಮಾದಲ್ಲಿ ನೀವು ಒಬ್ಬ ಕುಡುಕನ ಕೈಯನ್ನು ಲೋಟದ ಸಮೇತ ಹಿಡಿದು ‘ಈ ಕೈ ತಾಯಿಯ ಬಾಯಿಗೆ ಅನ್ನ ಇಡೋ ಕೈ’ ಎಂದಿರಿ. ತವಸಿ ಅಣ್ಣನ ನಿದ್ದೆ ಹಾರಿಹೋಯಿತು. ಈ ಮನುಷ್ಯ ಯಾವ ಸಿನಿಮಾದಲ್ಲೂ ಲೋಟ ಮುಟ್ಟುವುದಿಲ್ಲ, ಹೆಂಗಸಿನ ಮೇಲೆ ಕೈ ಎತ್ತುವುದಿಲ್ಲ ಎಂದು ಪಕ್ಕದಲ್ಲಿದ್ದವನು ಹೇಳಿದನಂತೆ. ಹೊರಗೆ ಬಂದವನೇ ನಿಮ್ಮ ಕಟೌಟಿನ ಬುಡದಲ್ಲಿ ಅಂಗೈ ಮೇಲೆ ಕರ್ಪೂರ ಹಚ್ಚಿ, ಇನ್ನೊಂದು ಕೈಯಿಂದ ಬಡಿದು ಆರಿಸಿ ಆಣೆ ಮಾಡಿದ: ‘ತಲೈವರ್ ಕೈಗೆ ಲೋಟ ಬರೋವರೆಗೂ ನನ್ನ ಕೈಗೂ ಬರಲ್ಲ.’

ಕರ್ಪೂರ ಆರಿಸಿ ಮಾಡಿದ ಆಣೆಯನ್ನು ನಮ್ಮ ಕಡೆ ಯಾರೂ ತಮಾಷೆ ಮಾಡುವುದಿಲ್ಲ. ನಾನೂ ಮಾಡುವುದಿಲ್ಲ, ಮಿಕ್ಕಿದ್ದೆಲ್ಲದರ ತಮಾಷೆ ಮಾಡುತ್ತೇನೆ. ಮುರಿದವನ ಮನೆಯಲ್ಲಿ ಒಂದು ವರ್ಷದೊಳಗೆ ದೀಪ ಆರುತ್ತದೆ ಎನ್ನುತ್ತಾರೆ. ತವಸಿ ಅಣ್ಣ ಮುರಿಯಲಿಲ್ಲ. ಆರು ತಿಂಗಳಿಗೆ ಸೇವತಿ ಅಕ್ಕ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದಳು. ಅದನ್ನು ಕಂಡು ಒಬ್ಬೊಬ್ಬರಾಗಿ ನಲವತ್ತು ಜನ ಅದೇ ಕಟೌಟಿನ ಕೆಳಗೆ ಕರ್ಪೂರ ಆರಿಸಿದರು. ಹೀಗೆ ಹುಟ್ಟಿದ್ದು ನಮ್ಮ ಮನ್ರ. ಬೇರೆ ಊರಿನಲ್ಲಿ ಅಭಿಮಾನಿಗಳಿಗೆ ಗುರುತಿನ ಚೀಟಿ ಇರುತ್ತದೆ. ನಮ್ಮವರಿಗೆ ಅಂಗೈ ನಡುವೆ ಸುಟ್ಟ ಕಲೆ ಇದೆ. ಈ ನಲವತ್ತು ಮನೆಗಳ ಹೆಂಗಸರು ಆಡಿ ತಿಂಗಳಲ್ಲಿ ಅಮ್ಮನ ಗುಡಿಗೆ ಹೋಗುವ ಮೊದಲು ನಿಮಗೆ ಒಂದು ನಿಂಬೆಹಣ್ಣು ಕಟ್ಟಿ ಹೋಗುತ್ತಾರೆ.

ನನಗೆ ಹದಿನಾರು ತುಂಬಿದ ವರ್ಷ ತವಸಿ ಅಣ್ಣ ನನ್ನನ್ನೂ ಹಿಡಿದ. ನಾನಿನ್ನೂ ರುಚಿಯನ್ನೇ ನೋಡಿಲ್ಲವಲ್ಲ ಅಣ್ಣೇ ಎಂದೆ.

“ಅದಕ್ಕೇ ಕಣೋ ತಂಬಿ. ಬರೋಕೆ ಮುಂಚೇನೇ ಹಾಕಿಸ್ಕೋಬೇಕು. ಪೋಲಿಯೋ ಹನಿ ಇದ್ದಂಗೆ.”

ನಾನೂ ಕರ್ಪೂರ ಆರಿಸಿದೆ. ಮಾರನೆಯ ದಿನ ನಿಮ್ಮ ಹುಟ್ಟುಹಬ್ಬ. ನಾವಿಬ್ಬರೂ ರೈಲು ಹತ್ತಿ ಚೆನ್ನೈಗೆ ಬಂದೆವು.

ಈಗ ನೆನಪಾಗಿರಬೇಕು. ನಿಮ್ಮ ಮನೆಯ ಹಿಂದಿನ ನುಗ್ಗೇಮರದಿಂದ ಕೆಳಗೆ ಬಿದ್ದ ಹುಡುಗ ನಾನೇ.

ಮುಂದಿನ ಗೇಟಿನಲ್ಲಿ ಬೆಳಿಗ್ಗೆಯಿಂದ ಸಾವಿರ ಜನ. ಕಾವಲಿನವನು ಗಂಟೆಗೊಮ್ಮೆ ಬಂದು, ತಲೈವರ್ ಪೂಜೆಯಲ್ಲಿದ್ದಾರೆ ಎನ್ನುತ್ತಿದ್ದ. ತವಸಿ ಅಣ್ಣ ನಿಮ್ಮ ಫೋಟೋ ಒಂದನ್ನು ಎದೆಗೆ ಒತ್ತಿಕೊಂಡು ಬಿಸಿಲಲ್ಲಿ ನಿಂತಿದ್ದ. ಒಂದು ಸಹಿ ಸಿಕ್ಕರೆ ಸಾಕಿತ್ತು ಅವನಿಗೆ. ಮಧ್ಯಾಹ್ನ ಎರಡಾಯಿತು. ಅವನ ಕೈಯಿಂದ ಫೋಟೋ ಕಿತ್ತುಕೊಂಡು ನಾನು ಹಿಂದಿನ ಗೋಡೆಗೆ ಹೋದೆ.

ನೀವು ಲುಂಗಿಯಲ್ಲಿ ಉಯ್ಯಾಲೆಯ ಮೇಲೆ ಒಬ್ಬರೇ ಕೂತಿದ್ದಿರಿ. ನಿಮ್ಮ ಕೂದಲು ಪಕ್ಕದ ಕುರ್ಚಿಯ ಮೇಲೆ ಕೂತಿತ್ತು. ಅದನ್ನು ಬೆಕ್ಕು ಎಂದುಕೊಂಡು ನಾನು ಮೊದಲು ಅದಕ್ಕೇ ಹೆದರಿದೆ. ನಿಮ್ಮ ಕೈಯಲ್ಲಿ ಗಾಜಿನ ಲೋಟ. ಅದು ಕರಿ ಟೀ ಎಂದುಕೊಂಡೆ.

“ಯಾವೂರೋ ತಂಬಿ? ಗೋಡೆ ಹಾರೋದು ನನ್ನ ಸಿನಿಮಾ ನೋಡಿ ಕಲಿತೆಯಾ?” ಎಂದಿರಿ.

“ಇಲ್ಲ ಸಾರ್. ನಿಮ್ಮ ಸಿನಿಮಾದಲ್ಲಿ ಹಗ್ಗ ಕಾಣುತ್ತೆ” ಎಂದೆ.

ನೀವು ಲೋಟ ಚೆಲ್ಲುವಷ್ಟು ನಕ್ಕಿರಿ. ಚೆಲ್ಲಿದ್ದರ ವಾಸನೆ ನನ್ನ ಮೂಗಿಗೆ ಬಂತು. ನಾನು ಮುಖ ಮುಚ್ಚಿಕೊಳ್ಳಲಿಲ್ಲ, ಅಳಲೂ ಇಲ್ಲ. ತವಸಿ ಅಣ್ಣನ ಕಥೆಯನ್ನು ಹೇಳಿಬಿಟ್ಟೆ, ಕರ್ಪೂರ, ನಲವತ್ತು ಜನ, ಸೇವತಿ ಅಕ್ಕನ ಕೈ, ಎಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಾನೆ ಎಂದೆ. ನಿಮ್ಮ ನಗು ನಿಂತಿತು. ಉಯ್ಯಾಲೆಯೂ ನಿಂತಿತು. ಫೋಟೋ ತೆಗೆದುಕೊಂಡು ಪೆನ್ನು ಇಟ್ಟಿರಿ. ಕೈ ನಡುಗಿತು. ಸಹಿಯ ಮೊದಲ ಗೆರೆ ಫೋಟೋದಾಚೆ ಹೋಗಿ ನಿಮ್ಮ ತೊಡೆಯ ಮೇಲೆ ಬಿತ್ತು. ಇನ್ನೊಮ್ಮೆ ಇಟ್ಟಿರಿ. ಇನ್ನೊಮ್ಮೆ ಜಾರಿತು.

“ನೀನೇ ಹಾಕು” ಎಂದಿರಿ.

ನಿಮ್ಮ ಸಹಿ ಪೋಸ್ಟರುಗಳಲ್ಲಿ ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಹಾಕಿದೆ. ಬಹಳ ಹೊತ್ತು ನೋಡಿ “ನನಗಿಂತ ಚೆನ್ನಾಗಿ ಹಾಕ್ತೀಯಲ್ಲೋ” ಎಂದಿರಿ. ಆಮೇಲೆ “ಹೊರಗೆ ಹೇಳಬೇಡ” ಎಂದು, ಬಾಯಿ ಮುಚ್ಚಿಕೊಂಡಿರಲು ನನಗೊಂದು ಕೊಟ್ಟಿರಿ. ಏನು ಕೊಟ್ಟಿರಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು.

ಗೇಟಿಗೆ ಬಂದು ತವಸಿ ಅಣ್ಣನಿಗೆ, ತಲೈವರ್ ಪೂಜೆ ಮುಗಿಸಿ ಸಹಿ ಮಾಡಿದರು, ನಿನ್ನ ಹೆಸರು ಕೇಳಿ ಕಣ್ಣೀರು ಹಾಕಿದರು ಎಂದೆ. ಅವನು ಫೋಟೋದ ಹಿಂಭಾಗಕ್ಕೆ ಮುತ್ತಿಟ್ಟ. ಮುಂಭಾಗಕ್ಕೆ ಇಟ್ಟರೆ ಸಹಿ ಅಳಿಸೀತು ಅಂತ.

ಕರಿ ಟೀ ತಣ್ಣಗಾಗುವುದಿಲ್ಲ, ಅದೊಂದು ಅನುಕೂಲ. ಇನ್ನೊಂದು ಲೋಟ ಹಾಕಿಕೊಂಡೆ. ಲವಂಗವೂ ಇದೆ.

ಆಮೇಲೆ ತವಸಿ ಅಣ್ಣ ಪ್ರತಿ ಪೊಂಗಲ್‌ಗೂ ಪ್ರತಿ ಹುಟ್ಟುಹಬ್ಬಕ್ಕೂ ನಿಮಗೆ ಕಾಗದ ಬರೆದ. ಒಂದಕ್ಕೂ ಉತ್ತರ ಬರಲಿಲ್ಲ. ಬರಲಿಲ್ಲ ಎಂದರೆ, ನಿಮ್ಮಿಂದ ಬರಲಿಲ್ಲ. ಆರು ವರ್ಷಗಳಲ್ಲಿ ತಾವು ನಮ್ಮ ಅಧ್ಯಕ್ಷರಿಗೆ ಹನ್ನೊಂದು ಕಾಗದ ಬರೆದಿದ್ದೀರಿ, ತಲೈವರೇ. ಬಹಳ ಒಳ್ಳೆಯ ಕಾಗದಗಳು. ಅಕ್ಷರ ದುಂಡಗಿದೆ. ಮೊದಲನೆಯದು ಬರೆದದ್ದು ಕುಚೇಷ್ಟೆಗೆ, ಅವನು ಹೇಗೆ ಕುಣಿಯುತ್ತಾನೆ ನೋಡೋಣ ಅಂತ. ಅವನು ಕುಣಿಯಲಿಲ್ಲ. ಅಂಗಿ ಬದಲಾಯಿಸಿ, ಕೈಕಾಲು ತೊಳೆದು ಬಂದು ಕೂತು ಓದಿದ. ಅವತ್ತಿನಿಂದ ನನಗೆ ಅದು ಕುಚೇಷ್ಟೆಯಾಗಿ ಉಳಿಯಲಿಲ್ಲ. ಅವನ ತಾಯಿ ಸತ್ತ ದಿನ ಅವನು ಸ್ಮಶಾನದಿಂದ ನೇರವಾಗಿ ಸರ್ಕಾರಿ ಸಾರಾಯಿ ಅಂಗಡಿಯ ಜಾಲರಿ ಕಿಟಕಿಯ ಮುಂದೆ ಹೋಗಿ ನಿಂತಿದ್ದ. ಆ ಸಾಲಿನಲ್ಲಿ ಅವನ ಹಿಂದೆ ನಿಂತು ನಿಮ್ಮ ಏಳನೆಯ ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ಸಾಲು ನಕ್ಕಿತು. ಅವನು ಸಾಲು ಬಿಟ್ಟು ಈಚೆ ಬಂದ.

ಹೀಗಿರುವಾಗ ಎರಡು ತಿಂಗಳ ಹಿಂದೆ ‘ಕರುಂತೇಳ್’ ಪೋಸ್ಟರು ನನ್ನ ಅಂಗಡಿಗೇ ಮುದ್ರಣಕ್ಕೆ ಬಂತು. ಕಂಪ್ಯೂಟರಿನಲ್ಲಿ ಅದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತೆರೆಯುತ್ತದೆ. ಮೊದಲು ನಿಮ್ಮ ಹಣೆ. ಹಣೆಯಲ್ಲಿ ವಿಭೂತಿ ಇರಲಿಲ್ಲ. ಆಮೇಲೆ ಕಣ್ಣು. ಮೂವತ್ತು ವರ್ಷ ಊರು ನೋಡಿದ ಕಣ್ಣು ಅದಲ್ಲ. ಆಮೇಲೆ ನಿಮ್ಮ ಕಾಲ ಬಳಿ ಕೂದಲು ಕೆದರಿ ಕೂತಿರುವ ಒಬ್ಬ ಹೆಂಗಸು. ಕಡೆಯಲ್ಲಿ ನಿಮ್ಮ ಬಲಗೈ, ಬಲಗೈಯಲ್ಲಿ ಲೋಟ.

ಹದಿನೆಂಟು ವರ್ಷ ಆ ಆಣೆಯಲ್ಲಿದ್ದ ‘ವರೆಗೂ’ ಎಂಬ ಮಾತಿನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಗೋಡೆ ಎಂದುಕೊಂಡಿದ್ದರಲ್ಲಿ ಒಂದು ಬಾಗಿಲಿತ್ತು. ಆ ದಿನ ಅದು ಕಿರ್ ಎಂದಿತು.

ಪೋಸ್ಟರು ಅಂಟಿಸಿದ ಸಂಜೆಯೇ ಮನ್ರದ ತುರ್ತು ಸಭೆ. ಬಸ್ ಮೆಕ್ಯಾನಿಕ್ ಕಾತಮುತ್ತು ಎದ್ದು ನಿಂತು, ಹಲ್ಲು ಕಾಣದಂತೆ ಬಾಯಿ ಬಿಗಿಹಿಡಿದು, “ಅಣ್ಣೇ, ಆಣೆ ಪ್ರಕಾರ ನಾವೆಲ್ಲ ಬಿಡುಗಡೆ ಆದಂಗಲ್ವಾ?” ಎಂದ.

“ಪೋಸ್ಟರಲ್ಲಿ ಕೈಯಲ್ಲಿದೆ ಅಷ್ಟೇ. ಬಾಯಿಗೆ ಹೋಗಿಲ್ಲ” ಎಂದ ತವಸಿ ಅಣ್ಣ.

“ಆಣೆ ಇರೋದು ಕೈದು, ಬಾಯಿದಲ್ಲ.”

“ಪೋಸ್ಟರ್ ಸಿನಿಮಾ ಅಲ್ಲ ಕಣೋ. ಪರದೆ ಮೇಲೆ ಬರಲಿ, ಆಮೇಲೆ ಮಾತು.”

“ಸರಿ ಬಿಡಿ. ಬಿಡುಗಡೆ ದಿನದವರೆಗೆ ಕಾಯ್ತೀವಿ. ಬಿಡುಗಡೆ ಸಿನಿಮಾಕ್ಕಲ್ಲ, ನಮಗೆ!” ಎಂದ ಕಾತಮುತ್ತು. ಯಾರೋ ನಕ್ಕರು. ನಕ್ಕವರು ಒಬ್ಬಿಬ್ಬರಲ್ಲ ಎಂಬುದೇ ನನ್ನನ್ನು ಹೆದರಿಸಿದ್ದು. ಬಾಗಿಲ ಹೊರಗೆ ಹೆಂಗಸರು ನಿಂತಿದ್ದರು. ಅವರಲ್ಲಿ ಒಬ್ಬರೂ ನಗಲಿಲ್ಲ.

ಮೂರು ದಿನ ತವಸಿ ಅಣ್ಣ ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಕನ್ನಡಕವನ್ನೇ ಹಾಕಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಹನ್ನೊಂದನೆಯ ಕಾಗದ ಬರೆದೆ. ಅದರಲ್ಲಿ ತಾವು ಹೀಗೆಂದಿರಿ: ‘ತವಸಿ, ಗಾಬರಿಯಾಗಬೇಡ. ಇದು ಡಬಲ್ ಆಕ್ಟ್. ಲೋಟ ಹಿಡಿದವನು ನನ್ನ ತಮ್ಮ. ನಾನು ಇಂಟರ್ವಲ್ ಆದ ಮೇಲೆ ಬರುತ್ತೇನೆ. ಗುಟ್ಟು, ಯಾರಿಗೂ ಹೇಳಬೇಡ.’

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ನಮ್ಮವರಿಗೆ ಇದಕ್ಕಿಂತ ಸಹಜವಾದ ಮಾತು ಬೇರೆ ಯಾವುದಿದೆ? ಹೀರೋ ಕೆಟ್ಟವನಾದರೆ ಎಲ್ಲೋ ಒಬ್ಬ ಒಳ್ಳೆಯ ಅವಳಿ ಇದ್ದೇ ಇರಬೇಕು. ಹಳ್ಳದಲ್ಲಿ ತೇಲಿ ಹೋದವನೋ, ಪಾದ್ರಿ ಸಾಕಿದವನೋ, ಒಬ್ಬ. ನಲವತ್ತು ಮನೆಗಳಲ್ಲಿ ಆವತ್ತು ಅಡುಗೆ ಆಯಿತು. ತವಸಿ ಅಣ್ಣ ನನ್ನಿಂದಲೇ ಫ್ಲೆಕ್ಸ್ ಹಾಕಿಸಿದ: ‘ತಮ್ಮನನ್ನು ಕಂಡು ನಗುವವರೇ, ಇಂಟರ್ವಲ್ ಆಗಲಿ, ಅಣ್ಣ ಬರುತ್ತಾನೆ!’ ಅದು ಈಗಲೂ ಥಿಯೇಟರಿನ ಎದುರು ಪಟಪಟ ಬಡಿದುಕೊಳ್ಳುತ್ತಿದೆ. ನನ್ನ ಜೀವನದ ಶ್ರೇಷ್ಠ ಕೃತಿ.

ಆಮೇಲೆ ಹೋದ ವಾರ ನಿಮ್ಮ ಸಂದರ್ಶನ ಬಂತು. ಒಳ್ಳೆಯವನಾಗಿ ಆಗಿ ಬೇಸರ ಬಂದಿದೆ, ಇದರಲ್ಲಿ ನನ್ನದು ಒಂದೇ ಪಾತ್ರ, ಮೊದಲಿಂದ ಕೊನೆಯವರೆಗೂ ಅವನು ದುಷ್ಟ, ಲೋಟ ಕೈಯಲ್ಲಿ ಹಿಡಿದುಕೊಂಡೇ ಸಾಯುತ್ತಾನೆ, ಅವನನ್ನು ಯಾರೂ ತಿದ್ದುವುದಿಲ್ಲ ಎಂದಿರಿ. ಚೆನ್ನಾಗಿ ಹೇಳಿದಿರಿ. ತಮಗೆ ಪ್ರಶಸ್ತಿ ಬರಲಿ. ನಾನು ಅದನ್ನು ಓದಿದ್ದು ಪರೋಟಾ ಕಟ್ಟಿಕೊಟ್ಟ ಕಾಗದದಲ್ಲಿ. ಎಣ್ಣೆಯಾಗಿತ್ತು, ಆದರೂ ‘ಒಂದೇ ಪಾತ್ರ’ ಎಂಬುದು ನಿಚ್ಚಳವಾಗಿ ಕಾಣುತ್ತಿತ್ತು.

ತವಸಿ ಅಣ್ಣನಿಗೆ ತೋರಿಸಿದೆ. ಅವನು ಓದಿ, ಮಡಚಿ, ವಾಪಸು ಕೊಟ್ಟ. ಸಸ್ಪೆನ್ಸ್ ಕಾಪಾಡೋಕೆ ಹಾಗೆ ಹೇಳಿರ್ತಾರೆ ಎಂದಾನು ಎಂದು ನಾನು ಕಾದೆ. ಅವನು ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು.

ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಸೇವತಿ ಅಕ್ಕ ಮೀನಿನ ಸಾರು ಬಡಿಸುತ್ತ ನನ್ನ ಮುಖವನ್ನೇ ನೋಡಿದಳು. “ಏನೋ ಇದು, ಕಣ್ಣು ಅರಿಶಿನ ಕಲಸಿದಂಗಿದೆ. ಬಿಸಿಲಲ್ಲಿ ತಿರುಗ್ತೀಯ, ಹೊತ್ತಿಗೆ ಸರಿಯಾಗಿ ತಿನ್ನಲ್ಲ” ಎಂದಳು. ಆಮೇಲೆ ಅವನು ಕೈ ತೊಳೆಯಲು ಹೋದಾಗ ಸಣ್ಣ ದನಿಯಲ್ಲಿ, “ಕುಬೇಂದ್ರಾ, ಶುಕ್ರವಾರ ನಾನು ಬೋಡಿಗೆ ಹೋಗ್ತೀನಿ. ಪೆಟ್ಟಿಗೆ ಕಟ್ಟಿಟ್ಟಿದ್ದೀನಿ. ನಿಮ್ಮಣ್ಣಂಗೆ ಹೇಳಬೇಡ. ಆ ಹೆಂಗಸು ಹಂಗೆ ಕೂತಿರೋದನ್ನ ನೋಡಿದೆ ಗೋಡೆ ಮೇಲೆ. ನಾನು ಹಂಗೇ ಕೂತ್ಕೋತಿದ್ದೆ” ಎಂದಳು.

ತೇನಿಯ ಡಾಕ್ಟರು ತವಸಿ ಅಣ್ಣನಿಗೆ ಯಾವತ್ತೋ ಹೇಳಿಟ್ಟಿದ್ದಾರೆ: ಲಿವರು ಅರ್ಧ ಹೋಗಿದೆ, ಉಳಿದರ್ಧ ಸಾಲದು ಎಂದು ತಿಳಿದುಕೊಂಡು ಬದುಕು, ಇನ್ನು ನಾಲ್ಕು ದಿನ ಕುಡಿದರೆ ಐದನೆಯ ದಿನ ನನ್ನ ಹತ್ತಿರ ಬರಬೇಡ.

ನಿನ್ನೆ ಅವನು ನನ್ನ ಅಂಗಡಿಗೆ ಬಂದ. ಹೊಸ್ತಿಲ ಮೇಲೆ ನಿಂತು ಮೂಗು ಎತ್ತಿ, “ಏನು ತಂಬಿ, ಲವಂಗ ಬಾಳ ಅಗೀತೀಯ. ಹಲ್ಲು ನೋವಾ?” ಎಂದ. ಹೂಂ ಅಣ್ಣೇ ಎಂದೆ. ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟ.

“ಒಂದು ಕಣ್ಣೀರಂಜಲಿ ಬೋರ್ಡ್ ಮಾಡು. ಫೋಟೋ ಇದರೊಳಗಿದೆ. ತಾರೀಕು ಹಾಕಬೇಡ, ಜಾಗ ಬಿಟ್ಟಿರು.”

ನಮ್ಮ ಊರಲ್ಲಿ ಕಣ್ಣೀರಂಜಲಿ ಬೋರ್ಡ್ ಎಂದರೆ ಮೇಲೆ ನೀರು ಸುರಿಸುವ ಎರಡು ದೊಡ್ಡ ಕಣ್ಣು, ಕೆಳಗೆ ಸತ್ತವರ ಫೋಟೋ. ಆ ಕಣ್ಣುಗಳನ್ನು ನಾನು ಎಷ್ಟು ಸಲ ಅಂಟಿಸಿದ್ದೇನೋ. ನಿನ್ನೆ ಅವು ನನ್ನನ್ನೇ ನೋಡಿದವು.

“ಯಾರದಣ್ಣೇ?” ಎಂದೆ, ನಗಿಸುವ ದನಿಯಲ್ಲಿ.

“ಶುಕ್ರವಾರ ಪರದೆ ಮೇಲೆ ಲೋಟ ಏಳುತ್ತೆ. ಇಂಟರ್ವಲ್ ಆದ ಮೇಲೆ ಯಾರೂ ಬರಲ್ಲ. ನಲವತ್ತರಲ್ಲಿ ಮೊದಲು ಬೀಳೋನು ಯಾರು ಅಂತ ನಂಗೊತ್ತು. ಶನಿವಾರ ಬೋರ್ಡ್ ಬೇಕಾಗಬಹುದು, ಬೇಕಾಗದೇನೂ ಇರಬಹುದು. ರೆಡಿ ಇರಲಿ.” ಹೊರಟವನು ತಿರುಗಿ ನಿಂತ. “ಅಕ್ಷರ ದುಂಡಗಿರಲಿ. ತಲೈವರ್ ಕಾಗದದಲ್ಲಿರುತ್ತಲ್ಲ, ಹಂಗೆ. ನಾನು ಓದಬೇಕು.”

ಅವನಿಗೆ ಎಷ್ಟು ಗೊತ್ತು, ಎಂದಿನಿಂದ ಗೊತ್ತು, ಕೇಳುವ ಧೈರ್ಯ ಬರಲಿಲ್ಲ. ಸತ್ತವನು ತನ್ನ ಬೋರ್ಡು ತಾನೇ ಓದುತ್ತಾನಾ ಅಣ್ಣೇ ಎಂದು ತಮಾಷೆ ಮಾಡಬೇಕೆಂದುಕೊಂಡೆ. ಬದಲಿಗೆ ಬೋರ್ಡಿನ ಅಳತೆ ಬರೆದುಕೊಂಡೆ. ಲಕೋಟೆ ಇಲ್ಲೇ ಇದೆ, ಲೋಟದ ಪಕ್ಕ. ನಾನು ಅದನ್ನು ತೆರೆದಿಲ್ಲ. ಒಳಗೆ ಯಾರ ಮುಖ ಇದೆಯೆಂದು ತೆರೆಯದೆಯೇ ತಿಳಿಯುತ್ತದೆ. ಹದಿನೆಂಟು ವರ್ಷ ನಿಮ್ಮ ಬೆನ್ನಿಗೆ ಕಬ್ಬಿಣವಾಗಿ ನಿಂತವನ ಮುಖ.

ಆದ್ದರಿಂದ, ಬಡವರ ಸೂರ್ಯನೇ, ನನ್ನ ಬೇಡಿಕೆ ಇಷ್ಟೇ. ಸಿನಿಮಾ ನಿಲ್ಲಿಸಿ ಎನ್ನುವುದಿಲ್ಲ. ನೀವು ದುಷ್ಟನಾಗಿ, ಹೊಡೆಯಿರಿ, ಸುಡಿ, ಸಾಯಿರಿ. ನಿಮ್ಮ ಕೈಯಾರೆ ಮೂರು ವಾಕ್ಯ ಬರೆದು ಕಳಿಸಿ: ‘ಲೋಟದಲ್ಲಿರುವುದು ಕರಿ ಟೀ. ನಾನು ಕುಡಿಯುವುದಿಲ್ಲ. ನೀನೂ ಕುಡಿಯಬೇಡ.’ ಈ ಕಾಗದ ಇವತ್ತಿನ ರಾತ್ರಿ ಬಸ್ಸಿನಲ್ಲಿ ಬರುತ್ತದೆ, ಉತ್ತರ ಗುರುವಾರ ಸಂಜೆಯೊಳಗೆ ಬರಬೇಕು. ಮನ್ರದ ಸಭೆಯಲ್ಲಿ ನಾನು ಅದನ್ನು ಓದುತ್ತೇನೆ, ಕಾತಮುತ್ತುವಿನ ಮುಖಕ್ಕೆ ಹಿಡಿಯುತ್ತೇನೆ. ಟೀ ತುಂಬಿದ ಲೋಟ ಆಣೆಗೆ ಬಾರದು, ಅದು ನಮ್ಮ ಕಾನೂನು. ಸೇವತಿ ಅಕ್ಕ ಪೆಟ್ಟಿಗೆ ಬಿಚ್ಚುತ್ತಾಳೆ.

ನಡುವಿನ ವಾಕ್ಯ ಸುಳ್ಳು ಎನ್ನುತ್ತೀರಾ? ಗೊತ್ತು. ಆದರೆ ಯೋಚಿಸಿ, ನಾನು ಹೇಳಿದ ಡಬಲ್ ಆಕ್ಟ್ ಪೂರ್ತಿ ಸುಳ್ಳೇನೂ ಅಲ್ಲ. ನಿಮ್ಮಿಬ್ಬರನ್ನೂ ಕಣ್ಣಾರೆ ನೋಡಿದವನು ಈ ಲೋಕದಲ್ಲಿ ಬಹುಶಃ ನಾನೊಬ್ಬನೇ. ಉಯ್ಯಾಲೆಯ ಮೇಲಿದ್ದವನು ಶುಕ್ರವಾರ ಪರದೆಗೆ ಬರುತ್ತಿದ್ದಾನೆ, ಬರಲಿ. ಇನ್ನೊಬ್ಬನೂ ಅದೇ ಮನೆಯಲ್ಲಿ ಎಲ್ಲೋ ಇದ್ದಾನೆ. ತವಸಿ ಅಣ್ಣನ ಹೆಸರು ಕೇಳಿ ಉಯ್ಯಾಲೆ ನಿಲ್ಲಿಸಿದ್ದು ಅವನೇ. ಅವನಿಗೆ ಈ ಕಾಗದ ಕೊಡಿ.

ಹನ್ನೆರಡನೆಯದನ್ನೂ ನೀನೇ ಬರೆದುಕೋ, ನಿನಗೆ ಅಭ್ಯಾಸವಿದೆಯಲ್ಲ ಎಂದು ನೀವು ಕೇಳಬಹುದು. ಡಬಲ್ ಆಕ್ಟ್ ಎಂದ ಆ ಕೈಯ ಅಕ್ಷರವನ್ನು ಇನ್ನು ಇಲ್ಲಿ ಯಾರೂ ನಂಬುವುದಿಲ್ಲ. ಕಾರಣ ಅಷ್ಟೇ.

ತಮ್ಮ ಪಾದಧೂಳಿಯ ಧೂಳಿ, ಹನ್ನೊಂದು ಕಾಗದಗಳ ಲೇಖಕ, ಮೂರು ಬೀದಿಗಳ ಮಹಾಕವಿ,

ಕುಬೇಂದ್ರನ್
ಜಂಟಿ ಕಾರ್ಯದರ್ಶಿ

ತಾ.ಕ.: ಕಾರಣ ಅಷ್ಟೇ ಅಲ್ಲ. ಲಕೋಟೆಯನ್ನು ನಿನ್ನೆಯೇ ತೆರೆದೆ. ಅದರಲ್ಲಿದ್ದದ್ದು ತವಸಿ ಅಣ್ಣನ ಫೋಟೋ ಅಲ್ಲ, ನನ್ನದು. ಹಿಂದೆ ಅವನ ಸೊಟ್ಟ ಅಕ್ಷರದಲ್ಲಿ, ‘ಲವಂಗದ ಉಪಾಯ ಈ ಊರಿಗೆ ತಂದೋನೇ ನಾನು ಕಣೋ ತಂಬಿ’ ಎಂದಿದೆ. ಆ ಮಧ್ಯಾಹ್ನ ಬಾಯಿ ಮುಚ್ಚಿಕೊಂಡಿರಲು ನೀವು ಕೊಟ್ಟದ್ದು ನಿಮ್ಮ ಲೋಟದಿಂದ ಒಂದು ಗುಟುಕು. ನನ್ನ ಅಂಗೈಯ ಕರ್ಪೂರದ ಬೊಕ್ಕೆ ಆಗಿನ್ನೂ ಒಣಗಿರಲಿಲ್ಲ. ಈ ಕಾಗದದಲ್ಲಿ ಕರಿ ಟೀ ಎಂದು ಎಲ್ಲೆಲ್ಲಿ ನನ್ನ ಲೋಟದ ವಿಷಯ ಬರೆದಿದ್ದೇನೋ, ಅಲ್ಲೆಲ್ಲ ಅದು ಟೀ ಅಲ್ಲ. ಕಾಗದ ಬರೆದರೆ ಮೇಲೆ ತವಸಿ ಅಣ್ಣನ ಹೆಸರು ಬೇಡ, ನನ್ನ ಹೆಸರು ಹಾಕಿ. ಸಹಿ ಮಾತ್ರ ನೀವೇ ಮಾಡಬೇಕು. ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದೆ, ನಿಮ್ಮ ಸಹಿಯ ಮೊದಲ ಗೆರೆಯೇ ಹಾಳೆಯಾಚೆ ಹೋಗುತ್ತಿದೆ.